ಮೂಳೆ ಮೇಡಂ ಸಂಬಳ

ನನ್ನ ತಂಗಿಯ ದೊಡ್ಡ ಮಗಳನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಮೂಳೆ ಮೇಡಂ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವಳದು. ಕಾಲು ಉಳುಕಿದವರು, ಮಂಡಿ ನೋವಿನವರು, ಮಂಚದಿಂದ ಬಿದ್ದ ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಎಲ್ಲರೂ ಮೊದಲು ಬಡಿಯುವುದು ಇವಳ ಬಾಗಿಲು. ‘ಮುರಿದಿದೆಯಾ ಅಂತ ಸ್ವಲ್ಪ ನೋಡಮ್ಮ’ ಎನ್ನುತ್ತಾರೆ. ‘ನನ್ನ ಕಣ್ಣಲ್ಲಿ ಮಷಿನ್ ಇಲ್ಲ, ಆಸ್ಪತ್ರೆಗೆ ಬನ್ನಿ’ ಎಂದು ಅವಳು ನಗುತ್ತಾಳೆ. ನಗುಮುಖದ ಹುಡುಗಿ. ಅಷ್ಟೇ ಪುಕ್ಕಲಿ. ಚಿಕ್ಕವಳಿದ್ದಾಗ ಗಾಜಿನ ಲೋಟ ಒಡೆದರೆ ಚೂರನ್ನೆಲ್ಲ ಜೇಬಿಗೆ ಹಾಕಿಕೊಂಡು ದಿನವಿಡೀ ಓಡಾಡುತ್ತಿದ್ದಳು. ಬೆರಳು ಕುಯ್ದುಕೊಂಡು ರಕ್ತ ಬಂದರೂ ಬಾಯಿ ಬಿಡುತ್ತಿರಲಿಲ್ಲ. ಬಯ್ಯುತ್ತಾರೆ ಎಂಬ ಭಯವಲ್ಲ ಅದು, ಅಮ್ಮನ ಮುಖ ಚಿಕ್ಕದಾಗುತ್ತದೆ ಎಂಬ ಭಯ.

ನಾನು ಅವಳ ದೊಡ್ಡಮ್ಮ. ಬೀದಿಯ ತಿರುವಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ನನಗೆ ಗಂಡ ಮಕ್ಕಳು ಇಲ್ಲ, ಬಾಯಿ ಮಾತ್ರ ಸ್ವಲ್ಪ ಜಾಸ್ತಿ ಇದೆ. ತಂಗಿಯ ಮನೆ ಎದುರುಗಡೆಯೇ. ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಊರಿನ ಲಿಫ್ಟನ್ನೆಲ್ಲ ಮೇಲೆ ಕೆಳಗೆ ಓಡಿಸುತ್ತಾನೆ, ಮನೆಯಲ್ಲಿ ಮಾತ್ರ ಏನು ಕೇಳಿದರೂ ‘ನಿಮ್ಮಕ್ಕನ್ನ ಕೇಳು’ ಎಂದು ಪೇಪರಿನ ಹಿಂದೆ ಅಡಗುತ್ತಾನೆ. ಹಾಗಾಗಿ ಆ ಮನೆಯ ಎಲ್ಲ ಪಂಚಾಯಿತಿಯೂ ನನ್ನ ಕೊರಳಿಗೇ ಬೀಳುತ್ತದೆ.

ದೊಡ್ಡವಳ ಓದಿನ ಕತೆ ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ. ಡಾಕ್ಟರ್ ಓದಿಸುವ ಶಕ್ತಿ ನಮಗಿರಲಿಲ್ಲ. ಅದಿಲ್ಲದಿದ್ದರೆ ಇದಿದೆ ಎಂದು ಯಾರೋ ಹೇಳಿದರು. ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಕಲಿಸುವ ನಾಲ್ಕು ವರ್ಷದ ಪದವಿ. ದಂಡು ಕಟ್ಟಿಕೊಂಡು ಆ ಕಾಲೇಜಿಗೆ ಹೋದೆವು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಗೋಡೆಯ ತುಂಬ ಬಿಳಿ ಕೋಟಿನ ಹುಡುಗಿಯರ ಚಿತ್ರಗಳು. ಟೈ ಕಟ್ಟಿದವನೊಬ್ಬ ‘ಓದು ಮುಗಿದ ಮರುದಿನವೇ ಕೆಲಸ’ ಎಂದ. ಪಾಪ, ಅವನು ಸುಳ್ಳು ಹೇಳಲಿಲ್ಲ. ಕೆಲಸ ಸಿಕ್ಕಿತು. ಸಂಬಳ ಎಷ್ಟು ಎಂದು ನಾವು ಕೇಳಲಿಲ್ಲ, ಅವನಾಗಿ ಹೇಳಲಿಲ್ಲ. ಒಂದು ಮೀಟರ್ ಬಟ್ಟೆ ಕೊಳ್ಳುವುದಕ್ಕೆ ಹತ್ತು ಅಂಗಡಿ ಹತ್ತಿ ಇಳಿದು, ಎಳೆ ಎಳೆದು ನೋಡುವ ನಾನು ಅವತ್ತು ಬಾಯಿಗೆ ಬೀಗ ಹಾಕಿಕೊಂಡು ಬ್ಯಾಂಕಿಗೆ ಹೋಗಿ ಜಾಮೀನಿಗೆ ಸಹಿ ಹಾಕಿ ಬಂದೆ. ಸಾಲ ತೀರದಿದ್ದರೆ ನನ್ನ ಅಂಗಡಿ ಬ್ಯಾಂಕಿನದು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಗೊತ್ತಿಲ್ಲ.

ಅವಳು ಕೆಲಸಕ್ಕೆ ಸೇರಿದ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ತಲೆ ನೆರೆತವರೊಬ್ಬರು ಮೊದಲಿಂದಲೂ ಇದ್ದಾರೆ. ಬಂದವರಿಗೆಲ್ಲ ದಿನವಿಡೀ ‘ಉಸಿರು ಎಳ್ಕೊಳಿ, ಹಿಡ್ಕೊಳಿ, ಬಿಡಿ’ ಎನ್ನುವುದರಿಂದ ಅವರಿಗೆ ಉಸಿರು ಮಾವ ಎಂದೇ ಹೆಸರು. ಅವರು ಪದವಿಗಿದವಿ ಓದಿದವರಲ್ಲ. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಎರಡು ವರ್ಷ ತರಬೇತಿ ಮಾಡಿದವರು. ಆ ತರಬೇತಿಗೆ ದುಡ್ಡು ಕಟ್ಟುವುದಿರಲಿ, ತಿಂಗಳಿಗಿಷ್ಟು ಅಂತ ಇವರಿಗೇ ಕೊಡುತ್ತಿದ್ದರಂತೆ. ಇಬ್ಬರದೂ ಒಂದೇ ಮಷಿನ್, ಒಂದೇ ಗುಂಡಿ. ಸಂಬಳವೂ ಹೆಚ್ಚುಕಡಿಮೆ ಒಂದೇ. ಇದು ನನಗೆ ಬಹಳ ತಡವಾಗಿ ಗೊತ್ತಾಯಿತು.

ಅವಳ ಮೊದಲ ಸಂಬಳದ ದಿನ ನಾನು ತಂಗಿಯ ಮನೆಯಲ್ಲೇ ಇದ್ದೆ. ಅಕ್ಕಪಕ್ಕದ ಹೆಂಗಸರೂ ಇದ್ದರು. ತಂಗಿ ಎಲ್ಲರೆದುರು ‘ಎಷ್ಟು ಕೊಟ್ರೇ?’ ಎಂದು ಕೇಳಿದಳು. ಅಂಥ ಮಾತನ್ನು ಅಷ್ಟು ಜನರ ಮುಂದೆ ಕೇಳಬಾರದು, ಆದರೆ ನಾಲ್ಕು ವರ್ಷ ಕಾದ ತಾಯಿಗೆ ಯಾರು ಹೇಳುವವರು? ಹುಡುಗಿ ಒಂದು ಗಳಿಗೆ ತಡೆದು ಒಂದು ಮೊತ್ತ ಹೇಳಿದಳು. ದೊಡ್ಡ ಮೊತ್ತ. ತಂಗಿಯ ಮುಖ ಬಲ್ಬು ಹೊತ್ತಿದಂತೆ ಆಯಿತು. ಮರುದಿನದಿಂದ ಅವಳದು ಊರಿಗೆಲ್ಲ ಟಾಂಟಾಂ. ಅಲ್ಲಿಂದ ಎರಡು ವರ್ಷ ದೊಡ್ಡವಳು ಬ್ಯಾಂಕಿನ ಕಂತನ್ನೂ ತಪ್ಪಿಸಲಿಲ್ಲ, ತಿಂಗಳ ಮೊದಲ ದಿನ ಅಮ್ಮನ ಕೈಗೆ ನೋಟಿನ ಕಟ್ಟು ಇಡುವುದನ್ನೂ ತಪ್ಪಿಸಲಿಲ್ಲ. ಮನೆಗೆ ಬರುವ ಹೊತ್ತು ಮಾತ್ರ ಮುಂದೆ ಮುಂದೆ ಹೋಯಿತು. ‘ಡ್ಯೂಟಿ ಬದಲಾಗಿದೆ’ ಎನ್ನುತ್ತಿದ್ದಳು. ಕಣ್ಣ ಸುತ್ತ ಕಪ್ಪಾಯಿತು. ಚಿಕ್ಕ ಸದ್ದಿಗೂ ಬೆಚ್ಚಿಬೀಳತೊಡಗಿದಳು. ವಯಸ್ಸಿಗೆ ಬಂದ ಹುಡುಗಿ, ಏನೋ ಪ್ರೀತಿ ಪ್ರೇಮ ಇರಬೇಕು ಎಂದು ನಾನು ಒಳಗೊಳಗೇ ನಕ್ಕೆ. ನನ್ನ ಜಾಣತನಕ್ಕೆ ಬೆಂಕಿ ಹಾಕ.

ಈ ವರ್ಷ ತಂಗಿಯ ಚಿಕ್ಕ ಮಗಳ ಪಿಯುಸಿ ಮುಗಿಯಿತು. ಮುಗಿದ ದಿನವೇ, ‘ನಾನೂ ಅಕ್ಕ ಓದಿದ್ದೇ ಓದ್ತೀನಿ, ಅದೇ ಕಾಲೇಜಲ್ಲಿ’ ಎಂದು ಪಟ್ಟು ಹಿಡಿದಳು. ಫೀಸು ಅಕ್ಕನ ಕಾಲಕ್ಕಿಂತ ಒಂದೂವರೆ ಪಟ್ಟು ಆಗಿತ್ತು. ತಂಗಿ ಹಿಂದೆ ಮುಂದೆ ನೋಡಲಿಲ್ಲ. ‘ಒಬ್ಬಳೇ ಇಷ್ಟು ತರ್ತಾಳೆ, ಇಬ್ಬರಾದ್ರೆ ಕೇಳ್ಬೇಕಾ? ಅಕ್ಕಾ, ಬ್ಯಾಂಕಿನವರು ಮತ್ತೆ ನಿನ್ನ ಜಾಮೀನೇ ಕೇಳ್ತಿದಾರೆ’ ಎಂದಳು. ನಾನು ಆಗಲಿ ಎಂದೆ. ದೊಡ್ಡವಳು ಅಲ್ಲೇ ಕೂತು ಬಟ್ಟೆ ಮಡಚುತ್ತಿದ್ದಳು. ಒಂದೇ ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

ಅದೇ ವಾರ ಒಂದು ಬೆಳಿಗ್ಗೆ ಅವಳು ನನ್ನ ಅಂಗಡಿಗೆ ದೊಡ್ಡ ಚೀಲವೊಂದನ್ನು ಹೊತ್ತು ತಂದಳು. ಮೇಜಿನ ಮೇಲಿಟ್ಟರೆ ಮೇಜೇ ಕಿರ್ ಎಂದಿತು.

‘ಏನೇ ಇದು, ಕಲ್ಲಿಗೆ ಬಟ್ಟೆ ಹೊಲಿಸಿ ತಂದಿದೀಯಾ?’

‘ಸೀಸದ ಏಪ್ರನ್ ದೊಡ್ಡಮ್ಮ. ಎಕ್ಸ್‌ರೇ ಮೈಗೆ ತಗಲಬಾರದು ಅಂತ ಹಾಕ್ಕೊಳೋದು. ಭುಜದ ಪಟ್ಟಿ ಕಿತ್ತುಹೋಗಿದೆ. ಮೇಲಿನ ಬಟ್ಟೆ ಅಷ್ಟೇ ಹೊಲೀರಿ, ಒಳಗಡೆ ಹಾಳೆಗೆ ಸೂಜಿ ತಾಗಿಸ್ಬೇಡಿ.’

‘ಅಷ್ಟು ದೊಡ್ಡ ಆಸ್ಪತ್ರೆಗೆ ಹೊಸದು ತರಿಸೋಕೆ ಗತಿಯಿಲ್ವಾ?’

‘ಸಾಯಂಕಾಲದೊಳಗೆ ಬೇಕು’ ಎಂದಷ್ಟೇ ಹೇಳಿ ಹೋದಳು.

ಸೂಜಿ ತಾಗಬಾರದೆಂದರೆ ಒಳಗಿನ ಹಾಳೆಯನ್ನು ಹೊರಗೆ ತೆಗೆಯಲೇಬೇಕು. ಕೆಳಗಿನ ಹೊಲಿಗೆ ಬಿಚ್ಚಿ ಎಳೆದೆ. ಬೂದು ಬಣ್ಣದ, ರಬ್ಬರಿನಂಥ ದಪ್ಪ ಹಾಳೆ. ಯಾರೋ ಅದನ್ನು ಹಾಸಿಗೆ ಹೊದಿಕೆಯ ಹಾಗೆ ಮಡಚಿ ಮಡಚಿ ಇಟ್ಟಿದ್ದಾರೆ, ಮಡಿಕೆ ಬಿದ್ದ ಕಡೆಯೆಲ್ಲ ಬಿರುಕು. ಕಿಟಕಿಗೆ ಹಿಡಿದು ನೋಡಿದೆ. ಬಿಸಿಲು ಗೆರೆಗೆರೆಯಾಗಿ ತೂರಿಕೊಂಡು ಬಂತು. ಎದೆಯ ಹತ್ತಿರ ಬಂತು, ಹೊಟ್ಟೆಯ ಕೆಳಗೆ ಬಂತು. ನನಗೆ ವಿಜ್ಞಾನ ಗೊತ್ತಿಲ್ಲ. ಆದರೆ ಬಿಸಿಲೇ ತೂರುವ ಕಡೆ ಆ ಇನ್ನೊಂದು ಬೆಳಕು ತೂರುವುದಿಲ್ಲವೇ ಎಂದು ಅನಿಸಿತು.

ಅವಳು ಸಂಜೆ ಬಂದಾಗ ಹಾಳೆಯನ್ನು ಹಾಗೇ ಎತ್ತಿ ಹಿಡಿದು ತೋರಿಸಿದೆ. ‘ಇದನ್ನ ಹಾಕ್ಕೊಂಡು ಕೆಲಸ ಮಾಡ್ತೀಯಾ? ನಡಿ, ಉಸಿರು ಮಾವನ ಹತ್ರ ಹೋಗಿ ಕೇಳ್ತೀನಿ, ಮನೆ ಮಕ್ಕಳನ್ನ ಹೀಗೇನಾ ನೋಡ್ಕೊಳೋದು ಅಂತ.’

ಅವಳ ಮುಖ ಬಿಳಿಚಿಕೊಂಡಿತು. ‘ಬೇಡ ದೊಡ್ಡಮ್ಮ. ಅವರಿಗೆ ಏನೂ ಗೊತ್ತಿಲ್ಲ. ಇದು ಅಲ್ಲೀದಲ್ಲ.’

‘ಮತ್ತೆಲ್ಲೀದು?’

ಅಂಗಡಿಯ ಬಾಗಿಲನ್ನು ಅವಳೇ ಅರ್ಧ ಎಳೆದಳು. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಸಂಬಳ ಎಂದು ಅಮ್ಮನಿಗೆ ಹೇಳಿದ್ದು ನಿಜವಾದ ಸಂಬಳದ ಎರಡರಷ್ಟು. ‘ನಿಜವಾಗಿ ನೂರು ಬರುತ್ತೆ ಅಂದ್ಕೊಳಿ, ಅದರಲ್ಲಿ ಅರವತ್ತು ಬ್ಯಾಂಕಿಗೇ ಹೋಗುತ್ತೆ. ನಾನು ಓದ್ತಿದ್ದ ನಾಲ್ಕು ವರ್ಷವೂ ಬಡ್ಡಿ ಬೆಳೀತಾನೇ ಇತ್ತು ದೊಡ್ಡಮ್ಮ. ಅವತ್ತು ಅಷ್ಟು ಜನರೆದುರು ಅಮ್ಮ ಕೇಳಿದಾಗ ನೂರು ಅನ್ನೋಕೆ ಬಾಯಿ ಬರಲಿಲ್ಲ.’ ಹೇಳಿದ್ದನ್ನು ನಿಜ ಮಾಡಲು ಒಂದು ಮೂಳೆ ಡಾಕ್ಟರ ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಸಂಜೆ ಕೆಲಸ ಹಿಡಿದಿದ್ದಳು. ಏಪ್ರನ್ ಅಲ್ಲಿಯದು. ಇರುವುದು ಅದೊಂದೇ.

‘ಎಷ್ಟು ತಗಲಿದೆ ಅಂತ ತಿಳ್ಕೊಳೋಕೆ ಏನೂ ಇಲ್ವೇನೇ?’

‘ಇದೆ. ಆಸ್ಪತ್ರೆಯಲ್ಲಿ ನಮ್ಮ ಎದೆಗೆ ಒಂದು ಬ್ಯಾಡ್ಜ್ ಸಿಕ್ಕಿಸ್ತಾರೆ. ಮೈಗೆ ಬಿದ್ದಿದ್ದನ್ನೆಲ್ಲ ಅದು ಹಿಡಿದಿಟ್ಕೊಳುತ್ತೆ, ಕೆಲವು ತಿಂಗಳಿಗೊಂದ್ಸಲ ಕಳಿಸಿ ನೋಡಿಸ್ತಾರೆ.’

‘ನರ್ಸಿಂಗ್ ಹೋಮಿಗೆ ಹೋಗುವಾಗ?’

‘ಬಿಚ್ಚಿಟ್ಟು ಹೋಗ್ತೀನಿ. ಜಾಸ್ತಿ ಬಂದ್ರೆ ಎಲ್ಲಿಂದ ಬಂತು ಅಂತ ಕೇಳ್ತಾರೆ. ಇರೋ ಕೆಲಸಾನೂ ಹೋಗುತ್ತೆ.’

‘ಹಾಗಾದ್ರೆ ಅಲ್ಲಿ ಎಷ್ಟು ಬಿದ್ದಿದೆ ಅಂತ ಯಾರಿಗೆ ಗೊತ್ತು?’

‘ಯಾರಿಗೂ ಗೊತ್ತಿಲ್ಲ’ ಎಂದಳು. ‘ನನಗೂ.’

ನನಗೆ ಒಂದಲ್ಲ, ಎರಡು ಭಯ ಒಟ್ಟಿಗೆ ಬಂದವು, ಅದನ್ನು ಮುಚ್ಚಿಡುವುದೇಕೆ. ಅವಳ ಮೈಯ ಭಯ ಮೊದಲನೆಯದು. ಅವಳು ಆ ಕೆಲಸ ಬಿಟ್ಟರೆ, ಮನೆ ಖರ್ಚಿಗೆ ಸಾಲದೆ ಕಂತು ತಪ್ಪಿದರೆ, ಬ್ಯಾಂಕಿನವರು ನನ್ನ ಅಂಗಡಿಗೆ ಬರುತ್ತಾರೆ ಎಂಬುದು ಎರಡನೆಯದು. ಬಿಸಿ ತುಪ್ಪ ಬಾಯಿಗೆ ಬಂದ ಹಾಗಾಯಿತು, ನುಂಗುವುದಕ್ಕೂ ಇಲ್ಲ, ಉಗುಳುವುದಕ್ಕೂ ಇಲ್ಲ. ಅದರ ಮೇಲೆ ಇನ್ನೊಬ್ಬಳನ್ನು ಅದೇ ಬಾವಿಗೆ ತಳ್ಳಲು ನಾನೇ ಸಹಿ ಹಾಕುತ್ತೇನೆ ಎಂದು ಒಪ್ಪಿಕೊಂಡಾಗಿತ್ತು.

‘ಚಿಕ್ಕವಳಿಗಾದ್ರೂ ಹೇಳ್ಬೇಕಲ್ವೇನೇ?’

‘ಹೇಗೆ ಹೇಳ್ಲಿ? ನಾನು ಓದಿ ಅವಳನ್ನ ಓದಬೇಡ ಅಂದ್ರೆ ಹೊಟ್ಟೆಕಿಚ್ಚು ಅಂದ್ಕೊತಾಳೆ. ಅಮ್ಮನಿಗೆ ಗೊತ್ತಾದ್ರೆ ಬೀದಿಯಲ್ಲಿ ತಲೆಯೆತ್ತಿ ನಡೆಯಲ್ಲ. ದಿನಾ ಹೇಳ್ಬೇಕು ಅಂತ ಬರ್ತೀನಿ ದೊಡ್ಡಮ್ಮ, ಬಾಗಿಲ ಹತ್ರ ಬಂದ ಕೂಡ್ಲೇ ಚಪ್ಪಲಿ ಬಿಟ್ಟು ಕೈ ತೊಳ್ಯೋಕೆ ಹೋಗ್ಬಿಡ್ತೀನಿ.’

ಪಟ್ಟಿ ಹೊಲಿದುಕೊಟ್ಟೆ. ಒಳಗಿನ ಬಿರುಕಿಗೆ ನನ್ನ ಹತ್ತಿರ ದಾರವಿರಲಿಲ್ಲ. ನಾನೂ ಬರುತ್ತೇನೆ ಎಂದು ಹಟ ಮಾಡಿ ಅವಳ ಜೊತೆ ಬಸ್ಸು ಹತ್ತಿದೆ. ಆ ನರ್ಸಿಂಗ್ ಹೋಮ್ ಔಷಧಿ ಅಂಗಡಿಯೊಂದರ ಮೇಲಿತ್ತು. ಇಕ್ಕಟ್ಟಿನ ಮೆಟ್ಟಿಲು, ಫಿನೈಲ್ ವಾಸನೆ, ಕಾಲು ಮುರಿದ ಮೂರ್ನಾಲ್ಕು ಜನ ಬೆಂಚಿನ ಮೇಲೆ. ಆಪರೇಷನ್ ಕೋಣೆಯ ಬಾಗಿಲ ಮೇಲೆ ಒಂದು ಕೆಂಪು ದೀಪ. ಬಾಗಿಲಿನ ಗಾಜಿಗೆ ಹಾಳೆ ಅಂಟಿಸಿದ್ದರು, ಮೂಲೆಯಲ್ಲಿ ಅದು ಕಿತ್ತುಬಂದಿತ್ತು. ನಾನು ಅಲ್ಲಿ ಕಣ್ಣಿಟ್ಟೆ. ಕಮಾನಿನಂತೆ ಬಾಗಿದ ಮಷಿನ್ ರೋಗಿಯ ಕಾಲಿನ ಸುತ್ತ ನಿಂತಿತ್ತು. ಡಾಕ್ಟರು ಮೊಳೆ ಕೂರಿಸುತ್ತ ‘ಹಾಂ, ಹೊಡಿ’ ಎಂದಾಗಲೆಲ್ಲ ನಮ್ಮ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು, ಮುಖ ಪಕ್ಕಕ್ಕೆ ತಿರುಗಿಸಿ, ಗುಂಡಿ ಒತ್ತುತ್ತಿದ್ದಳು. ಮತ್ತೆ ಮುಂದೆ ಬರುತ್ತಿದ್ದಳು. ‘ಹೊಡಿ.’ ಮತ್ತೆ ಹಿಂದೆ. ಕೋಣೆಯೇ ಅಷ್ಟಗಲ, ಎಷ್ಟು ಹಿಂದೆ ಹೋದಾಳು? ಕೆಂಪು ದೀಪ ಹತ್ತಿದಾಗಲೆಲ್ಲ ನಾನು ಹೊರಗೆ ಉಸಿರು ಬಿಗಿಹಿಡಿದೆ, ಅದರಿಂದ ಅವಳಿಗೇನೋ ಸಹಾಯವಾಗುತ್ತದೆ ಎಂಬಂತೆ. ಹುಚ್ಚು ಮುದುಕಿ.

ಬರುವಾಗ ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೊರಗಿ ನಿದ್ದೆ ಹೋದಳು. ನಾನು ಅವಳ ಕೂದಲನ್ನು ನೋಡುತ್ತ ಕೂತೆ, ಉದುರುತ್ತಿದೆಯೇನೋ ಎಂದು. ಹಾಗೆಲ್ಲ ತಕ್ಷಣ ಗೊತ್ತಾಗುವುದಿಲ್ಲ ಎಂದು ಅವಳೇ ಹೇಳಿದ್ದಳು. ಏನೂ ಆಗದೆಯೂ ಇರಬಹುದಂತೆ. ಆ ‘ಬಹುದು’ ಎನ್ನುವುದನ್ನು ಹೊಟ್ಟೆಯಲ್ಲಿಟ್ಟುಕೊಂಡು ಆ ಹುಡುಗಿ ಎರಡು ವರ್ಷ ಹೇಗೆ ಊಟ ಮಾಡಿದಳೋ.

ಬ್ಯಾಂಕಿಗೆ ಹೋಗುವ ಹಿಂದಿನ ದಿನ ತಂಗಿ ನನ್ನನ್ನು ಊಟಕ್ಕೆ ಕರೆದಳು. ಊಟವಾದ ಮೇಲೆ ಮೇಜಿನ ಮೇಲೆ ಕಾಲೇಜಿನ ಬಣ್ಣದ ಪುಸ್ತಿಕೆ ಹರಡಿಕೊಂಡಿತು. ಅದೇ ಬಿಳಿ ಕೋಟು, ಅದೇ ನಗು, ಹುಡುಗಿಯರು ಮಾತ್ರ ಬೇರೆ. ನಾನು ದೊಡ್ಡವಳನ್ನು ನೋಡಿದೆ. ಅವಳು ನೀರಿನ ಲೋಟವನ್ನು ನೋಡುತ್ತಿದ್ದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ನನ್ನ ತಾಳ್ಮೆ ಮೊದಲೇ ಗೇಣುದ್ದ.

‘ನಾನು ಸಹಿ ಹಾಕಲ್ಲ’ ಎಂದೆ.

ತಂಗಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಅನಿಸಿತು. ಅಲ್ಲ ಎಂದು ತಿಳಿದಾಗ ಮುಖ ಕೆಂಪಾಯಿತು. ‘ದೊಡ್ಡವಳಿಗೆ ಹಾಕಿದವಳಿಗೆ ಚಿಕ್ಕವಳಿಗೆ ಹಾಕೋಕೇನು ಬಂತು ಅಕ್ಕಾ? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣಾನಾ?’

‘ನಿಮ್ಮಕ್ಕನ್ನೇ...’ ಎಂದು ಶುರುಮಾಡಿದ ಅವಳ ಗಂಡ, ಅಕ್ಕನೇ ಎದುರಿಗಿದ್ದುದನ್ನು ನೋಡಿ ಸುಮ್ಮನಾದ.

ಚಿಕ್ಕವಳು ಅಳುತ್ತ ಎದ್ದಳು. ‘ನಿಮಗೆ ಮಕ್ಕಳಿಲ್ಲ ದೊಡ್ಡಮ್ಮ. ಇದ್ದಿದ್ರೆ ಹೀಗೆ ಮಾಡ್ತಿರಲಿಲ್ಲ.’

ಆ ಮಾತು ಚುಚ್ಚಿತು. ಆಗ ದೊಡ್ಡವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು.

‘ದೊಡ್ಡಮ್ಮನ್ನ ಬಯ್ಬೇಡ. ಅಮ್ಮಾ, ನನ್ನ ಸಂಬಳ ಅಷ್ಟಿಲ್ಲ.’

ಹೇಳಿದಳು. ಎರಡನೇ ಕೆಲಸ, ಕಂತು, ಬ್ಯಾಡ್ಜ್, ಬಿರುಕು, ಎಲ್ಲವನ್ನೂ. ತಂಗಿ ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಮಗಳನ್ನೇ ನೋಡುತ್ತ ಕೂತಿದ್ದಳು. ಆಮೇಲೆ, ನಿಧಾನವಾಗಿ, ಲೆಕ್ಕ ಕೂಡುವವರ ಧ್ವನಿಯಲ್ಲಿ ಕೇಳಿದಳು.

‘ಅಂದ್ರೆ ಎರಡು ಕಡೆ ಮಾಡಿದ್ರೆ ಅಷ್ಟು ಬರುತ್ತೆ ತಾನೇ?’

‘ಅಮ್ಮಾ...’

‘ಅಲ್ಲ, ಕೇಳ್ತಿದೀನಿ. ಬರುತ್ತೆ ತಾನೇ?’

ಚಿಕ್ಕವಳು ಕಣ್ಣೊರೆಸಿಕೊಂಡು ಹತ್ತಿರ ಬಂದಳು. ‘ಅಷ್ಟೇ ಅಲ್ವಾ ಅಕ್ಕ? ನಾನೂ ಎರಡು ಕಡೆ ಮಾಡ್ತೀನಿ. ಒಳ್ಳೆ ಏಪ್ರನ್ ನಾನೇ ಕೊಂಡ್ಕೊತೀನಿ. ನೀನು ಮಾಡ್ತಿದೀಯಲ್ಲ, ನಿನಗೇನಾಗಿದೆ?’

ನಾನು ಆ ಮನೆಯಲ್ಲಿ ಎಷ್ಟೋ ಜಗಳ ಕಂಡಿದ್ದೇನೆ. ಯಾವತ್ತೂ ಅಷ್ಟು ಹೆದರಿರಲಿಲ್ಲ. ಅವರು ಕಲ್ಲೆದೆಯವರಲ್ಲ. ಎರಡು ವರ್ಷ ಕಣ್ಣಾರೆ ನೋಡಿದ್ದು ಒಂದು, ಈಗ ಐದು ನಿಮಿಷ ಕೇಳಿದ್ದು ಇನ್ನೊಂದು. ನೋಡಿದ್ದೇ ಗೆದ್ದಿತು. ಅಕ್ಕ ಬಿಳಿ ಕೋಟು ಹಾಕಿಕೊಂಡು ಹೋಗುತ್ತಾಳೆ, ಅಕ್ಕ ಕಟ್ಟು ತಂದು ಕೊಡುತ್ತಾಳೆ, ಅಕ್ಕ ನಗುತ್ತಾಳೆ. ಕಾಣದ ಬೆಳಕಿಗೆ ಯಾರು ಹೆದರುತ್ತಾರೆ? ಹುಡುಗಿಯ ಸುಳ್ಳು ಅವಳಿಗಿಂತ ದೊಡ್ಡದಾಗಿ ಬೆಳೆದು ನಿಂತಿತ್ತು.

ದೊಡ್ಡವಳಿಗೂ ಅದು ಅರ್ಥವಾಯಿತು ಎಂದು ಕಾಣುತ್ತದೆ. ನನ್ನ ಕಡೆ ತಿರುಗಿ, ‘ಫೀಸು ಕಟ್ಟೋಕೆ ಮುಂದಿನ ತಿಂಗಳವರೆಗೂ ಟೈಮ್ ಇದೆ. ನನ್ನ ಸಂಬಳದ ದಿನ ಕಳೀಲಿ ದೊಡ್ಡಮ್ಮ. ಅವತ್ತೂ ಇವಳು ಬೇಕು ಅಂದ್ರೆ ನೀವು ಸಹಿ ಹಾಕಿ’ ಎಂದಳು. ಅಲ್ಲಿಯೇ ಫೋನ್ ತೆಗೆದು ಮೂಳೆ ಡಾಕ್ಟರಿಗೆ, ನಾಳೆಯಿಂದ ಬರುವುದಿಲ್ಲ ಎಂದು ಹೇಳಿದಳು. ಆ ಕಡೆಯಿಂದ ಏನೋ ಜೋರು ಮಾತು ಕೇಳಿಸಿತು. ಅವಳು ‘ಹೂಂ ಸರ್, ಹೂಂ ಸರ್’ ಎನ್ನುತ್ತಲೇ ಇದ್ದಳು, ಬರುತ್ತೇನೆ ಎನ್ನಲಿಲ್ಲ. ಆ ತಿಂಗಳು ಅಲ್ಲಿ ಮಾಡಿದ ಕೆಲಸದ ದುಡ್ಡೂ ಹೋಯಿತು.

ಅಲ್ಲಿಂದ ಮುಂದೆ ಅವಳು ಹಗಲು ಬೆಳಕಿರುವಾಗಲೇ ಮನೆಗೆ ಬರತೊಡಗಿದಳು. ಅದನ್ನು ಕಂಡು ಸಂತೋಷಪಡಬೇಕಾದವರು ನಾವು, ಆದರೆ ಅವಳು ಬೀದಿ ತಿರುಗುವುದು ಕಂಡರೆ ಸಾಕು, ನನ್ನ ಎದೆ ಧಸಕ್ ಎನ್ನುತ್ತಿತ್ತು. ಅಂಗಡಿಯ ಮುಂದೆ ಯಾವ ಬೈಕ್ ನಿಂತರೂ ಬ್ಯಾಂಕಿನವನೇ ಅನಿಸುತ್ತಿತ್ತು. ಒಂದು ದಿನ ನಿಜವಾಗಿಯೂ ಕರಿ ಚೀಲ ಹಿಡಿದವನೊಬ್ಬ ಒಳಗೆ ಬಂದ. ನನ್ನ ಕೈಯಿಂದ ಕತ್ತರಿ ಜಾರಿತು. ಪಾಪ, ಮಗನ ಚಡ್ಡಿ ಉದ್ದವಾಗಿದೆ, ಕತ್ತರಿಸಿ ಕೊಡಿ ಎಂದು ಬಂದಿದ್ದ. ತಂಗಿ ನನ್ನೊಡನೆ ಮಾತು ಬಿಟ್ಟಿದ್ದಳು. ಚಿಕ್ಕವಳು ಅಂಗಡಿಯ ಮುಂದೆ ಹಾದು ಹೋಗುವಾಗ ಮುಖ ಆ ಕಡೆ ಮಾಡಿಕೊಳ್ಳುತ್ತಿದ್ದಳು. ಕಾಲೇಜಿನ ಪುಸ್ತಿಕೆ ಅವಳ ಬಗಲಲ್ಲೇ ಇರುತ್ತಿತ್ತು. ದೊಡ್ಡವಳು ಮಾತ್ರ ಯಾರಿಗೂ ಏನೂ ತಿಳಿಹೇಳಲು ಹೋಗಲಿಲ್ಲ. ಸಾಯಂಕಾಲ ನನ್ನ ಬಳಿ ಕೂತು ಗುಂಡಿ ಹಚ್ಚಿಕೊಡುತ್ತಿದ್ದಳು. ‘ಅವಳು ಆಗಲೂ ಬೇಕು ಅಂದ್ರೆ?’ ಎಂದು ನಾನು ಕೇಳಿದರೆ, ‘ಗೊತ್ತಿಲ್ಲ ದೊಡ್ಡಮ್ಮ’ ಎನ್ನುತ್ತಿದ್ದಳು. ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡುಮಾಡಿ ಇನ್ನೊಂದು ಗುಂಡಿ ಎತ್ತಿಕೊಳ್ಳುತ್ತಿದ್ದಳು.

ಸಂಬಳದ ದಿನ ನಾನು ಕರೆಯದೆಯೇ ಹೋದೆ. ತಂಗಿ ಮಾತು ಬಿಟ್ಟರೆ ಬಿಡಲಿ, ಬಾಗಿಲು ಹಾಕಲಿಲ್ಲವಲ್ಲ. ಅವಳು ಅಡುಗೆಮನೆಯ ಹೊಸ್ತಿಲ ಹತ್ತಿರ ನಿಂತಿದ್ದಳು. ಗಂಡ ಪೇಪರು ಹಿಡಿದಿದ್ದ, ಓದುತ್ತಿರಲಿಲ್ಲ. ಚಿಕ್ಕವಳು ಮೇಜಿನ ಹತ್ತಿರ ಕೂತಿದ್ದಳು. ದೊಡ್ಡವಳು ಬಂದು ಚಪ್ಪಲಿ ಬಿಟ್ಟು, ಕೈ ತೊಳೆದು, ಪರ್ಸಿನಿಂದ ದುಡ್ಡು ತೆಗೆದಳು. ತಂಗಿ ಅಭ್ಯಾಸದಂತೆ ಕೈ ನೀಡಿದಳು.

ಹುಡುಗಿ ಆ ಅಂಗೈಯ ಮೇಲೆ ನೋಟುಗಳನ್ನು ಇಟ್ಟಳು. ಕೆಲವೇ ಕೆಲವು. ಎಣಿಸುವ ಅಗತ್ಯವಿರಲಿಲ್ಲ, ನಾನು ನಿಂತಲ್ಲಿಂದಲೇ ಕಾಣುತ್ತಿತ್ತು. ಇಟ್ಟು ಪರ್ಸು ಮುಚ್ಚಿದಳು.

ತಂಗಿಯ ಕೈ ಹಾಗೇ ಇತ್ತು. ಉಳಿದದ್ದು ಬರುತ್ತದೆ ಎಂದು ಕಾಯುತ್ತಿತ್ತು. ಬಾಯಲ್ಲಿ ಹೇಳಿದ್ದನ್ನೆಲ್ಲ ತಿಂಗಳ ಹಿಂದೆಯೇ ಕೇಳಿದ್ದಳು, ಆದರೆ ಆ ಕೈ ಕೇಳಿಸಿಕೊಂಡಿರಲಿಲ್ಲ. ಒಂದು ಕ್ಷಣ, ಎರಡು ಕ್ಷಣ, ಹಾಗೇ ಗಾಳಿಯಲ್ಲಿ ನಿಂತಿತ್ತು.

‘ಅಷ್ಟೇ ಅಮ್ಮಾ’ ಎಂದಳು ದೊಡ್ಡವಳು.

ತಂಗಿ ಕೈಯನ್ನು ನೋಡಿಕೊಂಡಳು. ಮುಖದ ಬಣ್ಣ ಇಳಿಯುತ್ತ ಹೋಯಿತು. ಕಂತು ಕಟ್ಟಿದೆಯಾ ಎಂದು ಕೇಳಲಿಲ್ಲ, ಮನೆ ಹೇಗೆ ನಡೆಸಲಿ ಎಂದೂ ಕೇಳಲಿಲ್ಲ. ನೋಟುಗಳನ್ನು ಹಿಡಿದ ಕೈಯನ್ನು ಮಗಳ ಕೆನ್ನೆಗೆ ಒತ್ತಿ, ‘ಇಷ್ಟಕ್ಕಾ?’ ಎಂದಳು. ‘ಇಷ್ಟಕ್ಕಾ ಆ ಬೆಳಕಿನ ಮುಂದೆ ನಿಂತಿದ್ದು?’ ಎನ್ನುತ್ತ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಗಂಡ ಪೇಪರು ಕೆಳಗಿಟ್ಟು ಎದ್ದ. ಏನು ಮಾಡಬೇಕೆಂದು ತೋಚದೆ ನೀರು ತರಲು ಹೋದ.

ನಾನು ಚಿಕ್ಕವಳನ್ನು ನೋಡುತ್ತಿದ್ದೆ. ನನಗೆ ಬೇಕಾಗಿದ್ದುದು ಅವಳ ಮುಖ. ಅವಳು ಅಮ್ಮನನ್ನು ನೋಡಲಿಲ್ಲ, ದುಡ್ಡನ್ನೂ ನೋಡಲಿಲ್ಲ. ಅಕ್ಕನನ್ನೇ ನೋಡುತ್ತಿದ್ದಳು, ಯಾರೋ ಹೊಸಬರು ಮನೆಗೆ ಬಂದ ಹಾಗೆ.

‘ಇನ್ನೂ ಎಷ್ಟು ವರ್ಷ ಕಟ್ಬೇಕು?’ ಎಂದು ಕೇಳಿದಳು.

‘ಎಂಟು.’

‘ನಿನಗೇನು ಉಳೀತು?’

‘ಬಸ್ಸಿಗೆ ಇಟ್ಕೊಂಡಿದೀನಿ.’

ಚಿಕ್ಕವಳು ಎದ್ದು ನನ್ನ ಹತ್ತಿರ ಬಂದಳು. ‘ದೊಡ್ಡಮ್ಮ, ಸಹಿ ಬೇಡ’ ಎಂದಳು. ‘ಉಸಿರು ಮಾವ ಮಾಡಿದ್ರಂತಲ್ಲ ಆ ತರಬೇತಿ, ಅದು ಈಗಲೂ ಇದೆಯಾ ಅಂತ ಕೇಳ್ತೀನಿ. ಇಲ್ದಿದ್ರೆ ಬೇರೆ ಏನಾದ್ರೂ.’ ನನ್ನ ಮೈಯಿಂದ ಒಂದು ಮೂಟೆ ಇಳಿದಂತಾಯಿತು. ನಾಚಿಕೆಯಿಲ್ಲದೆ ಅಲ್ಲೇ ಅತ್ತುಬಿಟ್ಟೆ. ದೊಡ್ಡವಳೂ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಳು. ಎರಡು ವರ್ಷದಲ್ಲಿ ಮೊದಲ ಸಲ ಅವಳ ಮುಖದ ಬಿಗಿ ಸಡಿಲವಾದದ್ದನ್ನು ಕಂಡೆ.

ಚಿಕ್ಕವಳು ಅವಳ ಪಕ್ಕದಲ್ಲಿ ಹೋಗಿ ನಿಂತಳು. ಕೋಪವಿರಲಿಲ್ಲ ಆ ಧ್ವನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

‘ನನಗೆ ಆ ಓದು ಇಷ್ಟ ಅಂತೇನಿರಲಿಲ್ಲ ಅಕ್ಕ’ ಎಂದಳು. ‘ನಿನ್ನ ಥರ ಆಗ್ಬೇಕು ಅಂತಿದ್ದೆ, ಅಷ್ಟೇ.’